ಹಡಗಿನ ಪಕ್ಕೆಯ ಮೇಲಿನ ಗೆರೆ

ಬಂದರಿನಲ್ಲಿ ನಿಂತ ಸರಕು ಹಡಗೊಂದರ ಪಕ್ಕೆಯನ್ನು ಗಮನವಿಟ್ಟು ನೋಡಿದರೆ ನಡುಭಾಗದಲ್ಲಿ ವಿಚಿತ್ರವಾದ ಒಂದು ಚಿಹ್ನೆ ಕಾಣುತ್ತದೆ. ಸುಮಾರು ಒಂದು ಅಡಿ ಅಡ್ಡಳತೆಯ ಉಂಗುರ, ಅದರ ನಟ್ಟನಡುವೆ ಹಾದುಹೋಗುವ ಅಡ್ಡಗೆರೆ. ಪಕ್ಕದಲ್ಲೇ ನೆಟ್ಟಗೆ ನಿಂತ ಇನ್ನೊಂದು ಗೆರೆ. ಅದರ ಎರಡೂ ಬದಿಗೆ ಮೆಟ್ಟಿಲುಗಳಂತೆ ಚಾಚಿಕೊಂಡ ಪುಟ್ಟ ಗೆರೆಗಳು; ಪ್ರತಿಯೊಂದರ ತುದಿಯಲ್ಲಿ ಒಂದೆರಡು ಇಂಗ್ಲಿಷ್ ಅಕ್ಷರ. ಇದು ಅಲಂಕಾರವಲ್ಲ. ಬಣ್ಣ ಮಾಸಿದರೂ ಅಳಿಯದಂತೆ ಹಡಗಿನ ಉಕ್ಕಿನ ಮೇಲೆ ಶಾಶ್ವತವಾಗಿ ಮೂಡಿಸಿದ ಗುರುತು. ಸರಕು ತುಂಬುತ್ತ ಹೋದಂತೆ ಹಡಗು ಇಳಿಯುತ್ತದೆ. ಆ ಜಾಗಕ್ಕೆ, ಆ ಕಾಲಕ್ಕೆ ಅನ್ವಯಿಸುವ ಗೆರೆಯನ್ನು ನೀರು ಮುಟ್ಟಿತೋ, ಅಲ್ಲಿಗೆ ಮುಗಿಯಿತು. ಮತ್ತೊಂದು ಮೂಟೆಯನ್ನು ಹೇರುವಂತಿಲ್ಲ. ಇದನ್ನು ಪ್ಲಿಮ್‌ಸಾಲ್ ಗೆರೆ ಎನ್ನುತ್ತಾರೆ.

ಒಂದು ಹಡಗಿಗೆ ಒಂದು ಗೆರೆ ಸಾಲದೆ? ಇಷ್ಟೊಂದು ಏಕೆ? ಈ ಪ್ರಶ್ನೆಗೆ ಅರ್ಧ ಉತ್ತರ ಶಾಲೆಯ ವಿಜ್ಞಾನ ಪುಸ್ತಕದಲ್ಲಿದೆ. ಉಳಿದರ್ಧ ಅಲ್ಲಿ ಸಿಗುವುದಿಲ್ಲ.

ಮೊದಲ ಅರ್ಧವನ್ನು ನೋಡೋಣ. ಆರ್ಕಿಮಿಡೀಸ್ ಸ್ನಾನದ ತೊಟ್ಟಿಯಿಂದೆದ್ದು ಬೀದಿಯಲ್ಲಿ ಓಡಿದ ಕತೆ ಎಲ್ಲರಿಗೂ ಗೊತ್ತು. ಅದನ್ನು ಬರೆದಿಟ್ಟವನು ಎರಡು ಶತಮಾನಗಳ ಅನಂತರ ಬಂದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್. ಆರ್ಕಿಮಿಡೀಸನದೇ ಗ್ರಂಥ, ತೇಲುವ ವಸ್ತುಗಳನ್ನು ಕುರಿತದ್ದು, ಓಟವನ್ನೂ ಹೇಳುವುದಿಲ್ಲ, ಕಿರೀಟವನ್ನೂ ಹೇಳುವುದಿಲ್ಲ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ದ್ರವವನ್ನು ಪಕ್ಕಕ್ಕೆ ಸರಿಸುವಷ್ಟು ಮುಳುಗುತ್ತದೆ ಎಂದು ಸಾಧಿಸುತ್ತದೆ, ಅಷ್ಟೆ.

ಹೀಗೇಕೆ ಆಗಬೇಕು ಎಂಬುದಕ್ಕೆ ಕಾರಣ ಒತ್ತಡದಲ್ಲಿದೆ. ಹಡಗನ್ನು ಚಪ್ಪಟೆ ತಳದ ಉದ್ದನೆಯ ಪೆಟ್ಟಿಗೆ ಎಂದು ಭಾವಿಸಿ. ಸಿಹಿನೀರಿನಲ್ಲಿ ಒಂದೊಂದು ಮೀಟರ್ ಆಳಕ್ಕಿಳಿದಂತೆ ಚದರ ಮೀಟರಿಗೆ ಒಂದು ಟನ್ನಿನಷ್ಟು ಒತ್ತಡ ಹೆಚ್ಚುತ್ತದೆ. ಸಮುದ್ರದ ನೀರು ಹೆಚ್ಚು ಸಾಂದ್ರ; ಅಲ್ಲಿ ಮೀಟರಿಗೆ 1.025 ಟನ್. ನಮ್ಮ ಪೆಟ್ಟಿಗೆ ಕಡಲಿನಲ್ಲಿ 8 ಮೀಟರ್ ಮುಳುಗಿ ನಿಂತಿದೆ ಎಂದರೆ, ಅದರ ತಳದ ಪ್ರತಿ ಚದರ ಮೀಟರನ್ನೂ ನೀರು 8.2 ಟನ್ನಿನಷ್ಟು ಬಲದಿಂದ ಮೇಲಕ್ಕೆ ಎತ್ತಿ ಹಿಡಿದಿದೆ ಎಂದರ್ಥ. ಅದೇ ಪೆಟ್ಟಿಗೆಯನ್ನು ನದಿಗೆ ತನ್ನಿ. ತೂಕ ಬದಲಾಗಿಲ್ಲ, ಅದೇ 8.2 ಟನ್ನಿನ ಆಸರೆ ಬೇಕು. ನದಿಯಲ್ಲಿ ಅದು ಸಿಗುವುದು 8.2 ಮೀಟರ್ ಆಳದಲ್ಲಿ. ಹಾಗಾಗಿ ಹಡಗು ಇನ್ನೂ 20 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು, ಕೆಳಗಿಳಿಯುತ್ತದೆ. ನಿಜವಾದ ಹಡಗು ಪೆಟ್ಟಿಗೆಯ ಆಕಾರದ್ದಲ್ಲವಾದ್ದರಿಂದ ಲೆಕ್ಕ ತುಸು ಆಚೀಚೆ ಆದೀತು, ತತ್ತ್ವ ಇದೇ.

ಈ ವ್ಯತ್ಯಾಸಕ್ಕೆಲ್ಲ ಮೂಲ ಉಪ್ಪು. ಆದರೆ ಸಾರತೆ ಬೇರೆ, ಸಾಂದ್ರತೆ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಎಷ್ಟೋ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಒಂದು ಸಾವಿರ ಲೀಟರ್ ಕಡಲನೀರಿನಲ್ಲಿ ಕರಗಿರುವ ಲವಣಗಳ ತೂಕ ಸುಮಾರು 36 ಕಿಲೋ. ಹಾಗೆಂದು ಅದು ಸಿಹಿನೀರಿಗಿಂತ 36 ಕಿಲೋ ಹೆಚ್ಚು ತೂಗುವುದಿಲ್ಲ, ಸುಮಾರು 25 ಕಿಲೋ ಮಾತ್ರ ಹೆಚ್ಚು ತೂಗುತ್ತದೆ. ಕರಗಿದ ಉಪ್ಪೂ ಒಂದಿಷ್ಟು ಜಾಗ ತೆಗೆದುಕೊಳ್ಳುತ್ತದೆ, ಅಷ್ಟು ನೀರಿಗೆ ಎಡೆ ತಪ್ಪುತ್ತದೆ. ಎಷ್ಟು ಉಪ್ಪಿದೆ ಎಂಬುದು ಒಂದು ಪ್ರಶ್ನೆ, ಅದರಿಂದ ನೀರು ಎಷ್ಟು ಭಾರವಾಯಿತು ಎಂಬುದು ಇನ್ನೊಂದು. ಹಡಗಿಗೆ ಬೇಕಾದದ್ದು ಎರಡನೆಯದರ ಉತ್ತರ.

ಆದ್ದರಿಂದಲೇ ಹಡಗಿನ ಅಧಿಕಾರಿ ಹಗ್ಗ ಕಟ್ಟಿದ ಬಕೆಟ್ ಇಳಿಬಿಟ್ಟು ಬಂದರಿನ ನೀರನ್ನು ಸೇದಿ, ಅದರಲ್ಲಿ ಹೈಡ್ರೋಮೀಟರ್ ತೇಲಿಬಿಟ್ಟು ನೋಡುತ್ತಾನೆ. ಹಾಲಿನ ಡೇರಿಯ ಲ್ಯಾಕ್ಟೋಮೀಟರ್ ಇದರದೇ ಜಾತಿಯ ಉಪಕರಣ. ನದಿ ಕಡಲನ್ನು ಸೇರುವಲ್ಲಿ ನೀರು ಪೂರ್ತಿ ಉಪ್ಪೂ ಅಲ್ಲ, ಪೂರ್ತಿ ಸಿಹಿಯೂ ಅಲ್ಲ. ಮಂಗಳೂರಿನ ಹಳೆಯ ಬಂದರನ್ನೇ ತೆಗೆದುಕೊಳ್ಳಿ. ನೇತ್ರಾವತಿ, ಗುರುಪುರ ನದಿಗಳು ಕೂಡುವ ಅಳಿವೆಯಲ್ಲಿ ಅದು ಇದೆ. ಮಳೆಗಾಲದ ನೆರೆಯಲ್ಲಿ ಅಲ್ಲಿ ಹರಿಯುವುದು ಘಟ್ಟದ ಸಿಹಿನೀರು. ಬೇಸಿಗೆಯಲ್ಲಿ ಕಡಲಿನ ಉಪ್ಪು ಹೊಳೆಯೊಳಕ್ಕೆ ಏರಿ ಬರುತ್ತದೆ. ಒಂದೇ ಧಕ್ಕೆ, ಒಂದೇ ಸರಕು, ಆದರೆ ದೋಣಿ ಮುಳುಗುವ ಮಟ್ಟ ಬೇರೆ ಬೇರೆ.

ಹಡಗಿನ ಪಕ್ಕೆಯ ಮೇಲೆ ಎಫ್ ಅಕ್ಷರದ ಗೆರೆ ಇರುವುದು ಇದಕ್ಕಾಗಿ. ಎಸ್ ಎಂದರೆ ಬೇಸಿಗೆಯ ಕಡಲು. ಅದು ಉಂಗುರದ ನಡುವಿನ ಗೆರೆಯ ಮಟ್ಟದಲ್ಲೇ ಇರುತ್ತದೆ. ಎಫ್ ಅದಕ್ಕಿಂತ ಮೇಲೆ. ನದೀ ಬಂದರಿನಲ್ಲಿ ಎಫ್‌ವರೆಗೆ ತುಂಬಿದ ಹಡಗು ಕಡಲಿಗಿಳಿದ ಮೇಲೆ ತಾನಾಗಿಯೇ ಎದ್ದು ಎಸ್ ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಇಷ್ಟರವರೆಗೆ ಎಲ್ಲವೂ ಆರ್ಕಿಮಿಡೀಸನ ಲೆಕ್ಕ. ಆದರೆ ಎಸ್ ಗೆರೆಯನ್ನು ಅಲ್ಲಿಯೇ ಏಕೆ ಎಳೆಯಬೇಕು? ಇನ್ನೂ ಒಂದು ಮೀಟರ್ ಮೇಲೆ ಎಳೆದರೆ? ಆರ್ಕಿಮಿಡೀಸ್ ಇದಕ್ಕೆ ಉತ್ತರ ಕೊಡಲಾರ. ಅಟ್ಟದ ಅಂಚು ನೀರಿಗೆ ತಾಗುವಷ್ಟು ತುಂಬಿದರೂ ಹಡಗು ತೇಲುತ್ತದೆ, ನೀರು ಕದಲದಿದ್ದರೆ. ಕಡಲು ಕದಲದೆ ಇರುವುದಿಲ್ಲ. ಅಲೆ ಒಳನುಗ್ಗಿ ಟನ್ನುಗಟ್ಟಲೆ ನೀರು ಸೇರಿದಾಗ ಹಡಗು ಮತ್ತಷ್ಟು ಇಳಿದು, ಮತ್ತಷ್ಟು ನೀರನ್ನು ಸರಿಸಿ, ತೇಲುವ ಬಲವನ್ನು ಗಳಿಸಿಕೊಳ್ಳಬೇಕು. ಹಾಗೆ ಇಳಿಯಲು ನೀರಿನ ಮೇಲೆ ಒಂದಿಷ್ಟು ಒಡಲು ಉಳಿದಿರಬೇಕು. ನೀರಿನ ಮೇಲೆ ಖಾಲಿ ಇದ್ದಂತೆ ಕಾಣುವ ಆ ಎತ್ತರವೇ ನಾವಿಕನ ಇಡುಗಂಟು. ಹಡಗಿನ ಮಾಲೀಕನ ಕಣ್ಣಿಗೆ ಅದೇ ಎತ್ತರ ಬಾಡಿಗೆ ತಪ್ಪಿದ ಜಾಗ.

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಈ ಎರಡು ದೃಷ್ಟಿಗಳ ನಡುವೆ ನಡೆದದ್ದು ಸಾಮಾನ್ಯ ಜಗಳವಲ್ಲ. ವಿಮೆಯ ವ್ಯವಸ್ಥೆ ಹೇಗಿತ್ತೆಂದರೆ ಮುದಿ ಹಡಗಿಗೆ ಅದರ ಬೆಲೆಯನ್ನು ಮೀರಿ ವಿಮೆ ಮಾಡಿಸಬಹುದಿತ್ತು. ಹಡಗು ದಡ ಸೇರಿದರೆ ಲಾಭ, ಮುಳುಗಿದರೂ ನಷ್ಟವಿಲ್ಲ. ನಷ್ಟವೆಲ್ಲ ಅದರಲ್ಲಿದ್ದವರಿಗೆ. ಒಪ್ಪಂದಕ್ಕೆ ಸಹಿ ಹಾಕಿದ ನಾವಿಕ ಹಡಗನ್ನು ಕಣ್ಣಾರೆ ಕಂಡ ಮೇಲೆ ಹತ್ತಲಾರೆ ಎಂದರೆ ಅದು ಅಪರಾಧ. ಹಾಗೆ ಜೈಲಿಗೆ ಹೋದವರಿದ್ದರು. ಜನ ಇಂಥ ಹಡಗುಗಳನ್ನು ತೇಲುವ ಶವಪೆಟ್ಟಿಗೆ ಎಂದು ಕರೆದರು. 1866ರ ಜನವರಿಯಲ್ಲಿ ಮೆಲ್ಬರ್ನಿಗೆ ಹೊರಟಿದ್ದ ‘ಲಂಡನ್’ ಎಂಬ ಉಗಿಹಡಗು ಬಿಸ್ಕೇ ಕೊಲ್ಲಿಯಲ್ಲಿ ಮುಳುಗಿ ಸುಮಾರು 220 ಮಂದಿ ಸತ್ತರು. ಬದುಕಿ ಬಂದವರು 19 ಜನ. ಹಡಗಿಗೆ ಅತಿಯಾಗಿ ಹೇರಲಾಗಿತ್ತು ಎಂಬ ಆರೋಪ ಆಗ ಬಲವಾಗಿ ಕೇಳಿಬಂತು.

ಸರಕಿಗೆ ಮಿತಿಗೆರೆ ಬೇಕೆಂದು ಪ್ಲಿಮ್‌ಸಾಲ್‌ಗಿಂತ ಮೊದಲೇ ಹೋರಾಡಿದವನು ಜೇಮ್ಸ್ ಹಾಲ್. ಆತ ಸ್ವತಃ ಹಡಗಿನ ಮಾಲೀಕ ಎಂಬುದನ್ನು ಮರೆಯಬಾರದು. ಆದರೆ ಹೆಸರು ಉಳಿದದ್ದು ಡರ್ಬಿ ಕ್ಷೇತ್ರದ ಸಂಸತ್ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್‌ನದು. 1824ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಈತ ಕಲ್ಲಿದ್ದಲು ವ್ಯಾಪಾರಿ. ಒಮ್ಮೆ ದಿವಾಳಿಯಾಗಿ ಲಂಡನ್ನಿನ ಅಗ್ಗದ ಬಿಡಾರಗಳಲ್ಲಿ ಬಡವರೊಡನೆ ಬಾಳಿದವನು. 1873ರಲ್ಲಿ ನಾವಿಕರ ಸ್ಥಿತಿಯನ್ನು ಕುರಿತು ಆತ ಬರೆದ ಪುಸ್ತಕ ದೇಶವನ್ನೇ ಕಲಕಿತು, ಮಾನನಷ್ಟ ಮೊಕದ್ದಮೆಯನ್ನೂ ತಂದಿತು. 1875ರ ಜುಲೈ 22ರಂದು ಪ್ರಧಾನಿ ಡಿಸ್ರೇಲಿ ಹಡಗು ಮಸೂದೆಯನ್ನು ಕೈಬಿಡುವುದಾಗಿ ಪ್ರಕಟಿಸಿದಾಗ ಪ್ಲಿಮ್‌ಸಾಲ್ ತಾಳ್ಮೆಗೆಟ್ಟ. ಸಭೆಯ ನಡುವೆ ಮುಷ್ಟಿ ಬಿಗಿದು, ನಾವಿಕರನ್ನು ಸಾವಿಗೆ ಕಳಿಸುವ ಖಳರು ಎಂದು ಕೂಗಾಡಿದ. ವಾರದ ಮೇಲೆ ಕ್ಷಮೆ ಕೇಳಬೇಕಾಯಿತು. ಆದರೆ ಅಷ್ಟರಲ್ಲಿ ಜನಾಭಿಪ್ರಾಯ ಆತನ ಕಡೆ ತಿರುಗಿತ್ತು. ಮರುವರ್ಷ, 1876ರಲ್ಲಿ, ಗೆರೆ ಕಡ್ಡಾಯವಾಯಿತು.

ಸರ್ಕಾರಗಳ ಜಾಣತನ ನೋಡಿ: ಗೆರೆ ಇರಲೇಬೇಕೆಂದ ಆ ಕಾನೂನು, ಅದು ಎಲ್ಲಿರಬೇಕು ಎಂಬುದನ್ನು ಮಾಲೀಕನಿಗೇ ಬಿಟ್ಟಿತ್ತು! ಒಬ್ಬ ಕಪ್ತಾನ ಅದನ್ನು ಹೊಗೆಕೊಳವೆಯ ಮೇಲೆ ಬಳಿಸಿದನೆಂಬ ಕತೆ ಇದೆ. ಗೆರೆಯ ಜಾಗ ಲೆಕ್ಕಾಚಾರದಿಂದ ನಿಗದಿಯಾದದ್ದು 1890ರ ಕಾನೂನಿನಿಂದ. 1906ರಲ್ಲಿ ಬ್ರಿಟಿಷ್ ಬಂದರಿಗೆ ಬರುವ ವಿದೇಶೀ ಹಡಗುಗಳಿಗೂ ಅದು ಅನ್ವಯವಾಯಿತು. ಅದೇ ಹೊತ್ತಿನಲ್ಲಿ, ಲಾಯ್ಡ್ ಜಾರ್ಜ್ ವಾಣಿಜ್ಯ ಮಂಡಳಿಯಲ್ಲಿದ್ದಾಗ, ಬ್ರಿಟಿಷ್ ಹಡಗುಗಳು ಮೊದಲಿಗಿಂತ ತುಸು ಹೆಚ್ಚು ಮುಳುಗಲು ಅನುಮತಿಯೂ ಸಿಕ್ಕಿತು. ಪ್ಲಿಮ್‌ಸಾಲ್ 1898ರಲ್ಲೇ ತೀರಿಕೊಂಡಿದ್ದ. ಅಂತರರಾಷ್ಟ್ರೀಯ ಒಪ್ಪಂದ ಆದದ್ದು 1930ರಲ್ಲಿ; ಈಗ ಜಾರಿಯಲ್ಲಿರುವುದು 1966ರ ಒಪ್ಪಂದ, ಅನಂತರದ ತಿದ್ದುಪಡಿಗಳೊಂದಿಗೆ.

ಇನ್ನು ಉಳಿದ ಅಕ್ಷರಗಳು. ಟಿ ಎಂದರೆ ಉಷ್ಣವಲಯ, ಎಸ್‌ಗಿಂತ ಮೇಲೆ. ಡಬ್ಲ್ಯು ಎಂದರೆ ಚಳಿಗಾಲ, ಎಸ್‌ಗಿಂತ ಕೆಳಗೆ. ಬಿಸಿನೀರು ಹಗುರ, ಅಲ್ಲಿ ಹಡಗು ಹೆಚ್ಚು ಮುಳುಗುತ್ತದೆ, ಅದಕ್ಕೇ ಟಿ ಮೇಲಿದೆ ಎಂಬ ವಿವರಣೆ ಬಹಳ ಕಡೆ ಕಾಣಸಿಗುತ್ತದೆ. ಕೇಳಲು ಚೆನ್ನಾಗಿದೆ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಸಮುದ್ರದ ನೀರು 10 ಡಿಗ್ರಿಯಿಂದ 28 ಡಿಗ್ರಿಗೆ ಕಾದರೆ ಅದರ ಸಾಂದ್ರತೆ ಇಳಿಯುವುದು ಸೇಕಡಾ ಅರ್ಧದಷ್ಟು; 8 ಮೀಟರ್ ಮುಳುಗಿದ ಹಡಗಿಗೆ ಸುಮಾರು ನಾಲ್ಕು ಸೆಂಟಿಮೀಟರ್. ಟಿ ಗೆರೆ ಇರುವುದು ಎಸ್‌ಗಿಂತ ಮುಳುಗಿದ ಆಳದ 48ನೇ ಒಂದು ಭಾಗ ಮೇಲೆ, ಎಂದರೆ ಸುಮಾರು 17 ಸೆಂಟಿಮೀಟರ್. ಅದು ನೀರಿನ ಸಾಂದ್ರತೆಯ ಗೆರೆಯಲ್ಲ, ಗಾಳಿ ಅಲೆಗಳ ಗೆರೆ. ಕಡಲು ಶಾಂತವಾಗಿರುವಲ್ಲಿ ಇಡುಗಂಟು ಸ್ವಲ್ಪ ಕಡಿಮೆ ಇದ್ದರೂ ನಡೆದೀತು ಎಂಬ ರಿಯಾಯಿತಿ. ಚಿಹ್ನೆಯನ್ನು ರಚಿಸಿದವರು ಈ ಭೇದವನ್ನು ಅದರಲ್ಲೇ ತೋರಿಸಿದ್ದಾರೆ: ನೆಟ್ಟಗಿನ ಗೆರೆಯಿಂದ ಹಡಗಿನ ಹಿಂಭಾಗದತ್ತ ಚಾಚಿದವು ಸಿಹಿನೀರಿನ ಗೆರೆಗಳು, ಮುಂಭಾಗದತ್ತ ಚಾಚಿದವು ಋತುಮಾನದ ಗೆರೆಗಳು.

ನಮ್ಮ ಪಕ್ಕದ ಕಡಲಿನಲ್ಲೇ ಇದಕ್ಕೆ ಸಾಕ್ಷಿ ಇದೆ. ಒಪ್ಪಂದದ ಪ್ರಕಾರ ಕರ್ನಾಟಕದ ಕರಾವಳಿಯೂ ಸೇರಿದಂತೆ ಅರಬ್ಬೀ ಸಮುದ್ರದ ಬಹುಭಾಗದಲ್ಲಿ ಟಿ ಗೆರೆಯವರೆಗೆ ತುಂಬಬಹುದಾದದ್ದು ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಮಾತ್ರ. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಎಸ್ ಗೆರೆಯೇ ಮಿತಿ. ಆ ಮೂರು ತಿಂಗಳು ಕಡಲೇನೂ ತಣ್ಣಗಾಗಿ ಹೆಪ್ಪುಗಟ್ಟುವುದಿಲ್ಲ. ಮುಂಗಾರು ಬೀಸುತ್ತದೆ, ಅಷ್ಟೆ. ಚಂಡಮಾರುತಗಳ ಬಂಗಾಳ ಕೊಲ್ಲಿಯಲ್ಲಿ ರಿಯಾಯಿತಿ ಇನ್ನೂ ಕಡಿಮೆ, ಡಿಸೆಂಬರ್ 1ರಿಂದ ಏಪ್ರಿಲ್ 30ರವರೆಗೆ. ಈ ತಾರೀಖುಗಳು ಕಾಗದಕ್ಕೆ ಬರುವ ಮೊದಲೂ ನಮ್ಮ ಕರಾವಳಿಯ ಮಂಜಿಗಳು ಮಳೆಗಾಲದಲ್ಲಿ ದಡ ಸೇರುತ್ತಿದ್ದವು. ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸುವ ಪೂಜೆ ಈಗಲೂ ನಡೆಯುತ್ತದೆ. ಆ ಹುಣ್ಣಿಮೆ ಸಾಮಾನ್ಯವಾಗಿ ಬರುವುದು ಆಗಸ್ಟಿನಲ್ಲಿ, ಟಿ ಗೆರೆ ಮತ್ತೆ ಜಾರಿಗೆ ಬರುವುದಕ್ಕೆ ಸ್ವಲ್ಪ ಮುಂಚೆ.