ಘಾಜಿಯಾಬಾದ್ ಫ್ಲ್ಯಾಟಿಗೆ ದೈತ್ಯ ಮೊಲ ಬಂದ ದಾರಿ

ಹಂಪಿಯ ಕಥೆ ನಿಮಗೆಲ್ಲ ಗೊತ್ತು. ಬೇಟೆನಾಯಿಗಳನ್ನ ಮೊಲವೇ ತಿರುಗಿ ಅಟ್ಟಿಸ್ಕೊಂಡು ಹೋಯ್ತು, ಇದು ಗಂಡುಭೂಮಿ ಅಂತ ಅಲ್ಲೇ ವಿಜಯನಗರ ಕಟ್ಟಿದ್ರು. 16ನೇ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೂಡ ಇದನ್ನ ಬರೆದಿಟ್ಟಿದ್ದಾನೆ.

ಆದ್ರೆ ಆ ಮೊಲ ಬೇರೆ, ಇವತ್ತು ಇಂದಿರಾಪುರಂ, ವೈಶಾಲಿ ಕಡೆ ನಮ್ಮ ಮಕ್ಕಳು ಹಟ ಹಿಡಿದು ಕೇಳ್ತಿರೋ ದೊಡ್ಡ ಮೊಲ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು, ಗೊಂದಲ ಶುರುವಾಗೋದೇ ಅಲ್ಲಿ. ನಮ್ಮ ಹೊಲದ ಮೊಲ ಬಯಲಲ್ಲೇ ಮಲಗುತ್ತೆ, ನಮ್ಮ ಬಿಸಿಲಿಗೆ ಒಗ್ಗಿದೆ. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇರೋದ್ರಿಂದ ಮನೇಲಿ ಸಾಕೋ ಹಾಗಿಲ್ಲ. ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್; ಬಿಸಿಲು ಏರಿದ್ರೆ ತಂಪಾದ ಬಿಲದೊಳಗೆ ಸೇರ್ಕೊಳ್ಳೋ ಜಾತಿ.

ಅದರಲ್ಲಿ ದೈತ್ಯ ತಳಿ ಹುಟ್ಟಿದ್ದು ತೂಕಕ್ಕಾಗಿ. ಬೆಲ್ಜಿಯಂನ ಘೆಂಟ್ ಸುತ್ತಮುತ್ತ ಜನ ಮಾಂಸಕ್ಕೆ, ತುಪ್ಪಳಕ್ಕೆ ಅಂತ ದೊಡ್ಡದನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ರು. ಈ 'ಫ್ಲೆಮಿಶ್ ಜೈಂಟ್'ಗೆ 1893ರಲ್ಲಿ ಮೊದಲ ಮಾನದಂಡ ಬರೆದ್ರು. ಆರೇಳು ಕೆಜಿ ಇದಕ್ಕೆ ಮಾಮೂಲು. ಜರ್ಮನಿಯ ಸಾಕಣೆಗಾರ ಕಾರ್ಲ್ ಶ್ಮೋಲಿನ್‌ಸ್ಕಿ ಅವರ ರಾಬರ್ಟ್ ಅನ್ನೋ ದೈತ್ಯ ಮೊಲ 2006ರಲ್ಲಿ 10.5 ಕೆಜಿ ತೂಗಿ ಸುದ್ದಿಯಾಯ್ತು. ಆ ಸುದ್ದಿ ಕೇಳಿ ಬಂದ ಗಿರಾಕಿ ಯಾರು ಗೊತ್ತಾ? ಉತ್ತರ ಕೊರಿಯಾ! ಹಸಿದ ಜನರಿಗೆ ಮಾಂಸ ಆಗುತ್ತೆ ಅಂತ 12 ಮೊಲ ತರಿಸ್ಕೊಂಡ್ರು.

ನಮ್ಮ ದೇಶಕ್ಕೂ ಇವು ಬಂದಿದ್ದು ಜಾನುವಾರಾಗಿಯೇ. ಸೋವಿಯತ್ ಚಿಂಚಿಲ್ಲಾ, ವೈಟ್ ಜೈಂಟ್ ತಳಿಗಳನ್ನ ಸೋವಿಯತ್ ಒಕ್ಕೂಟದಿಂದ ತರಿಸಿದ್ರು. 1962ರಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿ ಶುರುವಾದ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಈ ತಳಿಗಳನ್ನ ಬೆಳೆಸ್ತಿರೋ ದಕ್ಷಿಣದ ಕೇಂದ್ರ ಎಲ್ಲಿದೆ ನೋಡಿ: ಕೊಡೈಕೆನಾಲ್ ಬೆಟ್ಟದ ಮನ್ನವನೂರು. ಉಣ್ಣೆಯ ಅಂಗೋರಾ ಮೊಲಕ್ಕೆ ಹಿಮಾಚಲದ ಕುಲ್ಲು ಕಣಿವೆ. ನಾವು ಮಾತ್ರ ಇವನ್ನ ಘಾಜಿಯಾಬಾದಿನ ಹದಿನಾಲ್ಕನೇ ಮಹಡಿಗೆ ತರ್ತಾ ಇದ್ದೀವಿ.

ಕಾರಣವೂ ಇದೆ, ಇಲ್ಲ ಅನ್ನಲ್ಲ. 2022ರ ಅಕ್ಟೋಬರ್‌ನಲ್ಲಿ ಇಲ್ಲಿನ ನಗರ ನಿಗಮ ಪಿಟ್‌ಬುಲ್, ರಾಟ್‌ವೈಲರ್, ಡೋಗೊ ಅರ್ಜೆಂಟಿನೊ ಸಾಕೋದನ್ನ ನಿಷೇಧಿಸ್ತು. ನಾಯಿ ಅಂದ್ರೆ ಸಾಕು, ಸೊಸೈಟಿ ಲಿಫ್ಟಲ್ಲಿ ಜಗಳ. ಬೊಗಳದ ಮೊಲವೇ ವಾಸಿ ಅಂತಾರೆ ನಮ್ಮವರು.

ಆದ್ರೆ ಮೇ ತಿಂಗಳ 45 ಡಿಗ್ರಿ? ಮೊಲ ಬೆವರೋದಿಲ್ಲ, ಮೈಶಾಖ ಹೊರಗೆ ಹೋಗೋದು ಹೆಚ್ಚಾಗಿ ಕಿವಿಯಿಂದ. ದೇಹ ದೊಡ್ಡದಾದಷ್ಟೂ ಅದು ಕಷ್ಟ. 30 ಡಿಗ್ರಿ ದಾಟಿದ್ರೆ ಏದುಸಿರು. ನಾಯಿ ಬೆಕ್ಕಿಗಿರೋ ಮೆತ್ತೆ ಇದರ ಪಾದದಡಿ ಇಲ್ಲ, ಬರೀ ಕೂದಲು. ಟೈಲ್ಸ್ ಮೇಲೆ ಜಾರುತ್ತೆ, ತಂತಿ ಪಂಜರದಲ್ಲಿಟ್ರೆ ಆ ಭಾರಕ್ಕೆ ಹಿಂಗಾಲು ಹುಣ್ಣಾಗುತ್ತೆ.

ಪರಿಚಯದವರೊಬ್ಬರಿಗೆ ಇಷ್ಟೂ ಹೇಳಿದೆ. ಅವರದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. 'ಎಸಿ ಇದೆಯಲ್ಲ ಸಾರ್' ಅಂದ್ರು. ಕರೆಂಟ್ ಹೋದಾಗ ಅವರ ಇನ್ವರ್ಟರ್ ಓಡಿಸೋದು ಎರಡು ಫ್ಯಾನು. ಸರಿ, ಮಕ್ಕಳ ರಜೆಗೆ ಧಾರವಾಡಕ್ಕೆ ಹೋಗೋದೂ ಜೂನ್‌ನಲ್ಲೇ, ಆ ಇಪ್ಪತ್ತು ದಿನ ಒಣಹುಲ್ಲು ಹಾಕಿ ತಂಪಲ್ಲಿ ಇಡೋರು ಯಾರು ಅಂತ ಕೇಳಿದೆ.

'ಪಕ್ಕದ್ಮನೆ ಭಾಬೀಜಿ ನೋಡ್ಕೋತಾರೆ ಬಿಡಿ' ಅಂದ್ರು. ಭಾಬೀಜಿನ ಇನ್ನೂ ಕೇಳಿಲ್ವಂತೆ.