ಕಂಟಿನ್ಯುಯೇಷನ್ ಹೈಸ್ಕೂಲು

ಓದಿನಲ್ಲಿ ಹಿಂದೆ ಬಿದ್ದು, ಹೈಸ್ಕೂಲು ಮುಗಿಸದೆಯೇ ಹೊರಗೆ ಹೋಗುವ ಅಂಚಿನಲ್ಲಿರುವ ಹದಿಹರೆಯದವರಿಗಾಗಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸರ್ಕಾರಿ ಶಾಲಾ ಜಿಲ್ಲೆಗಳು ನಡೆಸುವ ಸಣ್ಣ ಪರ್ಯಾಯ ಶಾಲೆ. ಹದಿನಾರು ವರ್ಷ ತುಂಬಿದವರಿಗೆ ಇಲ್ಲಿ ಪ್ರವೇಶ. ಆ ರಾಜ್ಯದಲ್ಲಿ ಹೈಸ್ಕೂಲೆಂದರೆ 9ರಿಂದ 12ನೇ ತರಗತಿಯವರೆಗಿನ ನಾಲ್ಕು ವರ್ಷ. ನಮ್ಮ ಪಿಯುಸಿಯೂ ಅದರಲ್ಲೇ ಸೇರಿದಂತೆ. ಅದನ್ನು ಮುಗಿಸಿದವರಿಗೆ ಕೊಡುವ ಪ್ರಮಾಣಪತ್ರಕ್ಕೆ ಡಿಪ್ಲೊಮಾ ಎಂದು ಹೆಸರು. ಹದಿನೆಂಟು ವರ್ಷದವರೆಗೆ ಶಿಕ್ಷಣ ಕಡ್ಡಾಯವಾದ ರಾಜ್ಯದಲ್ಲಿ ಡಿಪ್ಲೊಮಾ ಇಲ್ಲದವರಿಗೆ ಸೈನ್ಯ, ಸರ್ಕಾರಿ ಕೆಲಸ, ಸಾಧಾರಣ ಸಂಬಳದ ಖಾಸಗಿ ಕೆಲಸ ಎಲ್ಲದರ ದಾರಿಯೂ ಕಿರಿದಾಗುತ್ತದೆ.

ಸಾಮಾನ್ಯ ಹೈಸ್ಕೂಲುಗಳಲ್ಲಿ ಎರಡು ಸಾವಿರ ಮಕ್ಕಳಿರುವುದು ಅಲ್ಲಿ ವಿಶೇಷವಲ್ಲ. ಕಂಟಿನ್ಯುಯೇಷನ್ ಶಾಲೆಗಳಲ್ಲಿ ನೂರಿನ್ನೂರು ಮಕ್ಕಳಷ್ಟೇ ಇರುವವೇ ಹೆಚ್ಚು. ಎಷ್ಟೋ ಕಡೆ ದೊಡ್ಡ ಶಾಲೆಯ ಹಿಂಬದಿಯ ನಾಲ್ಕಾರು ಸಾಗಿಸಬಹುದಾದ ಕೊಠಡಿಗಳೇ ಇಡೀ ಶಾಲೆ. 2008ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಗಾರ್ಡ್ನರ್ ಕೇಂದ್ರ ಇವುಗಳ ಅಧ್ಯಯನ ನಡೆಸಿದಾಗ ರಾಜ್ಯದಲ್ಲಿ ಇಂಥ ಐನೂರಕ್ಕೂ ಹೆಚ್ಚು ಶಾಲೆಗಳಿದ್ದವು. ವರ್ಷವೊಂದರಲ್ಲಿ ಲಕ್ಷಕ್ಕೂ ಮೀರಿ ವಿದ್ಯಾರ್ಥಿಗಳು ಅವುಗಳಲ್ಲಿ ಓದಿ ಹೋಗುತ್ತಿದ್ದರು.

ಕ್ರೆಡಿಟ್ ಲೆಕ್ಕ

ಈ ಶಾಲೆಗಳು ಏಕೆ ಬೇಕಾದವು, ಹೇಗೆ ಕೆಲಸ ಮಾಡುತ್ತವೆ ಎಂಬುದು ತಿಳಿಯಬೇಕಾದರೆ ಅಲ್ಲಿನ ಕ್ರೆಡಿಟ್ ಪದ್ಧತಿಯನ್ನು ಮೊದಲು ನೋಡಬೇಕು. ಎಸ್‌ಎಸ್‌ಎಲ್‌ಸಿಯಂತೆ ಕೊನೆಗೊಂದು ಪರೀಕ್ಷೆ ಬರೆದು ಪಾಸಾಗುವ ಕ್ರಮ ಕ್ಯಾಲಿಫೋರ್ನಿಯಾದಲ್ಲಿಲ್ಲ. 2006ರ ತಂಡದಿಂದ ಒಂದು ರಾಜ್ಯಮಟ್ಟದ ನಿರ್ಗಮನ ಪರೀಕ್ಷೆಯನ್ನು ಕಡ್ಡಾಯ ಮಾಡಿ ನೋಡಿದರು. 2015ರಲ್ಲಿ ಅದನ್ನು ತಡೆಹಿಡಿದು, ಆ ಪರೀಕ್ಷೆಯೊಂದೇ ಅಡ್ಡಿಯಾಗಿದ್ದ ಹಳೆಯ ವಿದ್ಯಾರ್ಥಿಗಳಿಗೂ ಡಿಪ್ಲೊಮಾ ಕೊಡಿಸಿ, 2017ರಲ್ಲಿ ಕಾನೂನಿನಿಂದಲೇ ತೆಗೆದುಹಾಕಿದರು. ಈಗ ಉಳಿದಿರುವುದು ಕ್ರೆಡಿಟ್ ಮಾತ್ರ. ಒಂದು ವಿಷಯವನ್ನು ಒಂದು ಸೆಮಿಸ್ಟರ್ ಓದಿ ಪಾಸಾದರೆ ಐದು ಕ್ರೆಡಿಟ್. ದಿನಕ್ಕೆ ಆರು ಪಾಠಗಳಿರುವ ಶಾಲೆಯಲ್ಲಿ ಸೆಮಿಸ್ಟರಿಗೆ ಮೂವತ್ತು, ವರ್ಷಕ್ಕೆ ಅರವತ್ತು. ರಾಜ್ಯದ ಕಾನೂನು ಕೇಳುವುದು ವರ್ಷಪೂರ್ತಿಯ ಹದಿಮೂರು ಕೋರ್ಸುಗಳನ್ನು, ಅಂದರೆ 130 ಕ್ರೆಡಿಟ್. ಅದರ ಮೇಲೆ ಆಯಾ ಶಾಲಾ ಜಿಲ್ಲೆ ತನ್ನದನ್ನು ಸೇರಿಸಿ ಒಟ್ಟು 220ರ ಆಸುಪಾಸಿಗೆ ತಂದು ನಿಲ್ಲಿಸುವುದು ರೂಢಿ.

ಹಾಗಾಗಿ ಅಲ್ಲಿನ ಮಗು ಒಂದೇ ದಿನ ಫೇಲಾಗುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಹಿಂದೆ ಬೀಳುತ್ತದೆ. ಒಂಬತ್ತನೇ ತರಗತಿಯಲ್ಲಿ ಬೀಜಗಣಿತ ಹೋಯಿತು, ಹತ್ತನೇ ತರಗತಿಯಲ್ಲಿ ಅಮ್ಮನ ಕಾಯಿಲೆಯಿಂದಾಗಿ ಎರಡು ತಿಂಗಳು ಶಾಲೆಗೆ ಹೋಗಲಾಗಲಿಲ್ಲ, ಬಾಡಿಗೆ ಕಟ್ಟಲಾಗದೆ ಊರು ಬದಲಾಯಿತು. ಸೆಮಿಸ್ಟರಿನ ನಡುವೆ ಶಾಲೆ ಬಿಟ್ಟರೆ ಅಲ್ಲಿಯವರೆಗೆ ಓದಿದ್ದೆಲ್ಲ ಲೆಕ್ಕಕ್ಕೇ ಬರದೆ ಹೋಗುವ ಅನ್ಯಾಯ ಬಹುಕಾಲ ನಡೆದುಕೊಂಡು ಬಂದಿತ್ತು. ಪೋಷಣಾ ಕುಟುಂಬಗಳಲ್ಲಿ ಬೆಳೆಯುವ ಮಕ್ಕಳ ಮಟ್ಟಿಗಾದರೂ ಅರ್ಧ ಓದಿಗೆ ಅರ್ಧ ಕ್ರೆಡಿಟ್ ಕೊಡಲೇಬೇಕೆಂಬ ಕಾನೂನು ಬರಲು 2003ರವರೆಗೆ ಕಾಯಬೇಕಾಯಿತು. ಅಂಥ ಮಕ್ಕಳು ಹತ್ತನೇ ತರಗತಿಯ ನಂತರ ಶಾಲೆ ಬದಲಿಸಬೇಕಾಗಿ ಬಂದರೆ ಜಿಲ್ಲೆಯ ಹೆಚ್ಚುವರಿ ಕ್ರೆಡಿಟ್‌ಗಳಿಂದ ವಿನಾಯಿತಿ ಕೊಟ್ಟು ರಾಜ್ಯದ ಕನಿಷ್ಠ ಮಟ್ಟದಲ್ಲೇ ಡಿಪ್ಲೊಮಾ ನೀಡುವ ಅವಕಾಶ 2009ರಲ್ಲಿ ಬಂತು. ಮನೆಯಿಲ್ಲದ ಮಕ್ಕಳಿಗೂ ಮುಂದೆ ಅದು ವಿಸ್ತರಿಸಿತು.

ಒಂದು ಉದಾಹರಣೆಯ ಲೆಕ್ಕ ಹಾಕೋಣ. ಹನ್ನೊಂದನೇ ತರಗತಿಯ ಮೊದಲರ್ಧ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಯ ಕೈಯಲ್ಲಿ 150 ಕ್ರೆಡಿಟ್ ಇರಬೇಕು, ಇರುವುದು 85. ಬೇಕಾದದ್ದು 220, ಅಂದರೆ ಬಾಕಿ 135. ಉಳಿದಿರುವುದು ಮೂರು ಸೆಮಿಸ್ಟರ್. ದೊಡ್ಡ ಶಾಲೆಯಲ್ಲಿ ಎಲ್ಲ ವಿಷಯವೂ ಪಾಸಾದರೂ ಸಿಗುವುದು ತೊಂಬತ್ತೇ. ಎಷ್ಟೇ ಕಷ್ಟಪಟ್ಟರೂ ಸಮಯಕ್ಕೆ ಮುಗಿಸಲಾಗದು ಎಂದು ಅಂಕಗಣಿತವೇ ಹೇಳಿಬಿಡುತ್ತದೆ. ಹದಿನೇಳರ ಹುಡುಗನಿಗೆ ಈ ಲೆಕ್ಕ ಅರ್ಥವಾದ ದಿನ ಅವನು ಶಾಲೆಗೆ ಬರುವುದನ್ನು ನಿಲ್ಲಿಸಿದರೆ ಅದನ್ನು ಸೋಮಾರಿತನವೆನ್ನಲಾಗದು.

ಕಂಟಿನ್ಯುಯೇಷನ್ ಶಾಲೆ ಕೈಹಾಕುವುದು ಇಲ್ಲಿಗೇ. ಇಲ್ಲಿ ಕ್ರೆಡಿಟ್ ಸೆಮಿಸ್ಟರ್ ಮುಗಿಯುವವರೆಗೆ ಕಾಯುವುದಿಲ್ಲ. ಹಲವು ಶಾಲೆಗಳಲ್ಲಿ ಸುಮಾರು ಹದಿನೈದು ಗಂಟೆಯಷ್ಟು ಕೆಲಸ ಮುಗಿಸಿ ಉಪಾಧ್ಯಾಯರಿಗೆ ಒಪ್ಪಿಸಿದರೆ ಒಂದು ಕ್ರೆಡಿಟ್ ಆಗಲೇ ಜಮೆ. ಬೇಗ ಮುಗಿಸಿದವರಿಗೆ ಬೇಗ, ನಿಧಾನಿಸಿದವರಿಗೆ ನಿಧಾನ. ನಡುವೆ ಹೆರಿಗೆಯಾದರೂ ಊರು ಬಿಟ್ಟರೂ ಗಳಿಸಿದ ಮೂರೋ ನಾಲ್ಕೋ ಕ್ರೆಡಿಟ್ ಹಾಗೇ ಉಳಿಯುತ್ತದೆ. ಸೆಮಿಸ್ಟರಿಗೆ ನಲವತ್ತೈದು ಸಂಪಾದಿಸಿದರೆ ಮೇಲಿನ ಉದಾಹರಣೆಯ ಹುಡುಗ ಮೂರು ಸೆಮಿಸ್ಟರಿನಲ್ಲಿ ಸರಿಯಾಗಿ 135 ಮುಟ್ಟುತ್ತಾನೆ. ಕಷ್ಟದ ದಾರಿಯೇ ಹೌದು, ಆದರೆ ಮುಚ್ಚಿದ ದಾರಿಯಲ್ಲ.

ಶಾಲೆಯ ದಿನಚರಿ

ಹೊಸದಾಗಿ ಬಂದವರಿಗೆ ಮೊದಲ ಪಾಠ ನಡೆಯುವುದು ಕೌನ್ಸೆಲರ್ ಮೇಜಿನ ಮುಂದೆ. ಹಳೆಯ ಶಾಲೆಗಳಿಂದ ತರಿಸಿದ ಅಂಕಪಟ್ಟಿಗಳನ್ನು ಹರಡಿಕೊಂಡು, ಇಂಗ್ಲಿಷ್ ಎಷ್ಟು ಬಾಕಿ, ಗಣಿತ ಎಷ್ಟು, ಅಮೆರಿಕದ ಇತಿಹಾಸ ಆಗಿದೆಯೇ, ದೈಹಿಕ ಶಿಕ್ಷಣ ಎಷ್ಟು ಉಳಿದಿದೆ ಎಂದು ಒಂದೊಂದಾಗಿ ಗುರುತು ಹಾಕುತ್ತಾರೆ. ಮೂರು ನಾಲ್ಕು ಶಾಲೆ ಬದಲಿಸಿದ ಮಗುವಿನ ವಿಷಯದಲ್ಲಿ, ಯಾವುದೋ ಶಾಲೆಯ ಕಡತದಲ್ಲಿ ಉಳಿದುಹೋದ ಹತ್ತು ಕ್ರೆಡಿಟ್ ಈ ಹೊತ್ತಿನಲ್ಲಿ ಸಿಕ್ಕಿಬಿಡುವುದೂ ಉಂಟು. ಬಾಕಿಯ ಪಟ್ಟಿ ವಿದ್ಯಾರ್ಥಿಯ ಕೈಗೇ ಸಿಗುತ್ತದೆ. ವಾರವಾರವೂ ಅದರಲ್ಲಿ ಒಂದೊಂದು ಮನೆ ತುಂಬುತ್ತಾ ಹೋಗುವುದನ್ನು ಅವರೇ ನೋಡುತ್ತಾರೆ. ವರ್ಷಗಟ್ಟಲೆ ಬರೀ ಸೋಲಿನ ಸುದ್ದಿ ಕೇಳಿದವರಿಗೆ ಈ ಕಾಗದದಿಂದ ಆಗುವ ಉಪಕಾರ ಯಾವ ಉಪದೇಶದಿಂದಲೂ ಆಗದು.

ಕಾನೂನಿನ ಪ್ರಕಾರ ವಾರಕ್ಕೆ ಹದಿನೈದು ಗಂಟೆ, ಅಂದರೆ ದಿನಕ್ಕೆ ಮೂರು ಗಂಟೆ ಹಾಜರಿದ್ದರೆ ಸಾಕು. ಹಲವು ಶಾಲೆಗಳು ಅದಕ್ಕಿಂತ ಹೆಚ್ಚು ಹೊತ್ತು ನಡೆಯುತ್ತವೆ. ಮಧ್ಯಾಹ್ನದ ನಂತರ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿಯಲೇಬೇಕಾದವರಿಗೆ, ತಮ್ಮಂದಿರನ್ನು ನೋಡಿಕೊಳ್ಳಬೇಕಾದವರಿಗೆ ಇದರಿಂದ ಅನುಕೂಲ. ತರಗತಿಯಲ್ಲಿ ಎಲ್ಲರೂ ಒಂದೇ ಪಾಠ ಓದುತ್ತಿರಬೇಕೆಂದಿಲ್ಲ. ಒಬ್ಬಳು ಅರ್ಥಶಾಸ್ತ್ರದ ಕೊನೆಯ ಘಟಕದಲ್ಲಿದ್ದರೆ ಪಕ್ಕದವನು ಭಿನ್ನರಾಶಿಯನ್ನೇ ಮತ್ತೆ ಕಲಿಯುತ್ತಿರುತ್ತಾನೆ. ಉಪಾಧ್ಯಾಯರು ಮೇಜಿಂದ ಮೇಜಿಗೆ ಹೋಗಿ ಕೂರುತ್ತಾರೆ.

ಬೆಳಿಗ್ಗೆ ಬಾರದವರ ಮನೆಗೆ ಫೋನ್ ಹೋಗುತ್ತದೆ. ದೊಡ್ಡ ಶಾಲೆಯಲ್ಲಿ ಆ ಕೆಲಸ ಯಂತ್ರದ್ದು. ಸಣ್ಣ ಶಾಲೆಯಲ್ಲಿ ಫೋನ್ ಮಾಡುವುದು ಮಗುವನ್ನು ಹೆಸರಿನಿಂದಲೇ ಬಲ್ಲ ಗುಮಾಸ್ತೆಯೋ ಖುದ್ದು ಪ್ರಿನ್ಸಿಪಾಲರೋ. ಮೊಹಾವಿ ಮರುಭೂಮಿಯ ಯಕ್ಕಾ ವ್ಯಾಲಿಯಲ್ಲಿರುವ ಬ್ಲ್ಯಾಕ್ ರಾಕ್ ಕಂಟಿನ್ಯುಯೇಷನ್ ಶಾಲೆಯನ್ನು ಕುರಿತು ಕೀತ್ ಫುಲ್ಟನ್ ಮತ್ತು ಲೂಯಿಸ್ ಪೆಪೆ ತೆಗೆದ ಸಾಕ್ಷ್ಯಚಿತ್ರ ‘ದ ಬ್ಯಾಡ್ ಕಿಡ್ಸ್’ (2016) ಈ ನಿತ್ಯದ ಕೆಲಸವನ್ನು ತೋರಿಸುತ್ತದೆ. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ತೀರ್ಪುಗಾರರ ವಿಶೇಷ ಬಹುಮಾನ ಬಂತು. ಪ್ರಿನ್ಸಿಪಾಲ್ ವೊಂಡಾ ವೈಲ್ಯಾಂಡ್ ಆ ಚಿತ್ರದ ಕೇಂದ್ರ. ಅಲ್ಲಿನ ಮಕ್ಕಳು ಎಲ್ಲರೂ ಗೆಲ್ಲುವುದಿಲ್ಲ, ಚಿತ್ರವೂ ಅದನ್ನು ಮುಚ್ಚಿಡುವುದಿಲ್ಲ.

ಕ್ರೆಡಿಟ್ ಪೂರ್ತಿಯಾದ ದಿನವೇ ಓದು ಮುಗಿದಂತೆ. ಕೆಲವರು ಅಕ್ಟೋಬರಿನಲ್ಲಿ, ಕೆಲವರು ಮಾರ್ಚಿನಲ್ಲಿ ಮುಗಿಸುತ್ತಾರೆ. ಕೆಲವು ಶಾಲೆಗಳಲ್ಲಿ ಆ ದಿನ ವಿದ್ಯಾರ್ಥಿಯೇ ಗಂಟೆ ಬಾರಿಸುವ ರೂಢಿಯಿದೆ. ಪಾಠ ನಿಲ್ಲಿಸಿ ಎಲ್ಲರೂ ಹೊರಗೆ ಬಂದು ಚಪ್ಪಾಳೆ ತಟ್ಟುತ್ತಾರೆ. ನಿಲುವಂಗಿ, ಟೊಪ್ಪಿಗೆಯ ಸಮಾರಂಭ ಜೂನ್ ಹೊತ್ತಿಗೆ.

ಇತಿಹಾಸ

ದುಡಿಯುವ ಕಿರಿಯರಿಗೆ ವಾರದಲ್ಲಿ ಕೆಲವು ಗಂಟೆ ಓದು ಮುಂದುವರಿಸುವ ಏರ್ಪಾಡು ಮೊದಲು ಬೆಳೆದದ್ದು ಜರ್ಮನಿಯಲ್ಲಿ. ಮ್ಯೂನಿಕ್ ನಗರದಲ್ಲಿ ಅದನ್ನು ರೂಪಿಸಿದ ಗೇಯೊರ್ಗ್ ಕೆರ್ಷೆನ್‌ಸ್ಟೈನರ್ ಅಮೆರಿಕಕ್ಕೂ ಬಂದು ಉಪನ್ಯಾಸ ನೀಡಿದ್ದರು. ವಿಸ್ಕಾನ್ಸಿನ್ ರಾಜ್ಯ 1911ರಲ್ಲಿ ಕಾನೂನು ಮಾಡಿತು. ಕ್ಯಾಲಿಫೋರ್ನಿಯಾದ ಕಾನೂನು 1919ರದು. ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ ಹದಿನೆಂಟರೊಳಗಿನವರು ವಾರಕ್ಕೆ ನಾಲ್ಕು ಗಂಟೆ ಓದಬೇಕೆಂದು ಅದು ವಿಧಿಸಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹುಡುಗರಿಗೆ ಕೆಲಸವೇ ಇಲ್ಲವಾಗಿ, ಅವರೆಲ್ಲ ಪೂರ್ಣಾವಧಿ ಶಾಲೆಗೆ ಮರಳಿದರು. ಆಗಿನಿಂದ ಕಂಟಿನ್ಯುಯೇಷನ್ ಶಾಲೆಯ ಪಾಲಿಗೆ ಉಳಿದದ್ದು ದೊಡ್ಡ ಶಾಲೆಗೆ ಹೊಂದಿಕೊಳ್ಳದ ಮಕ್ಕಳು. 1960ರ ದಶಕದ ಮಧ್ಯದಲ್ಲಿ ಕಾನೂನು ತಿದ್ದುಪಡಿಯಾಗಿ, ಅಮಾನತಾದ ವಿದ್ಯಾರ್ಥಿಗಳಿಗೂ ಶಾಲಾ ಜಿಲ್ಲೆಗಳು ಈ ವ್ಯವಸ್ಥೆ ಮಾಡಲೇಬೇಕಾಯಿತು. ಶಾಲೆಗಳ ಸಂಖ್ಯೆ ಏರಿದ್ದು ಆ ಮೇಲೆ.

ಬಸುರಿಯಾದ ವಿದ್ಯಾರ್ಥಿನಿಯರ ಕಥೆ ಬೇರೆ. 1972ರ ಫೆಡರಲ್ ಕಾನೂನು ಬರುವವರೆಗೆ ಅವರನ್ನು ಶಾಲೆಯಿಂದ ಹೊರಗಿಡುವುದು ಸಾಮಾನ್ಯವಾಗಿತ್ತು. ಬಳಿಕ ಅವರಲ್ಲಿ ಅನೇಕರಿಗೆ ಆಸರೆಯಾದದ್ದು ಈ ಸಣ್ಣ ಶಾಲೆಗಳು. ಕೆಲವುಗಳಲ್ಲಿ ಶಿಶುವಿಹಾರವೂ ಇತ್ತು. ತಾಯಿಯಾದ ಅಥವಾ ತಂದೆಯಾದ ವಿದ್ಯಾರ್ಥಿಗೆ ಎಂಟು ವಾರದ ರಜೆ, ಮುಗಿಸಲು ಐದನೇ ವರ್ಷದ ಅವಕಾಶ ಎಂಬ ಹಕ್ಕುಗಳು 2018ರ ಕಾನೂನಿನಲ್ಲಿ ಸೇರಿದವು.

ಕೊರತೆಗಳು

ದೊಡ್ಡ ಶಾಲೆಗೆ ಬೇಡವಾದವರನ್ನು ಸಾಗಹಾಕುವ ಜಾಗ ಎಂಬ ಆಪಾದನೆ ಈ ಶಾಲೆಗಳಿಗೆ ಮೊದಲಿನಿಂದಲೂ ಅಂಟಿಕೊಂಡಿದೆ, ಅದು ಪೂರಾ ಸುಳ್ಳಲ್ಲ. ಡಿಯರ್ಡ್ರೆ ಕೆಲ್ಲಿ 1993ರಲ್ಲಿ ಪ್ರಕಟಿಸಿದ ‘ಲಾಸ್ಟ್ ಚಾನ್ಸ್ ಹೈ’ ಎಂಬ ಅಧ್ಯಯನ ಈ ಇಬ್ಬಗೆಯನ್ನೇ ಹಿಡಿದಿಟ್ಟಿತು. ಶಾಲೆ ಬಿಡುವವರನ್ನು ತಡೆದು ನಿಲ್ಲಿಸಬೇಕಾದ ಕಡೆಯಲ್ಲೇ ಕೆಲವರು ಸದ್ದಿಲ್ಲದೆ ಜಾರಿಹೋಗುತ್ತಾರೆ. ದೊಡ್ಡ ಶಾಲೆಗೆ ತನ್ನ ಪಟ್ಟಿ ಹಗುರಾದ ನೆಮ್ಮದಿ. ಬಡವರ, ಲ್ಯಾಟಿನೊ ಕುಟುಂಬಗಳ ಮಕ್ಕಳು ಇಲ್ಲಿ ಜನಸಂಖ್ಯೆಯಲ್ಲಿನ ಅವರ ಪಾಲಿಗಿಂತ ಹೆಚ್ಚಿನ ಪ್ರಮಾಣದಲ್ಲಿರುವುದು ಆಕಸ್ಮಿಕವಲ್ಲ. ಇದಕ್ಕೆ ಕಡಿವಾಣವಾಗಿ ಕಾನೂನಿನಲ್ಲಿ ಕೆಲವು ರಕ್ಷಣೆಗಳಿವೆ. ವಿದ್ಯಾರ್ಥಿಯ ಇಚ್ಛೆಗೆ ವಿರುದ್ಧವಾಗಿ ಕಳಿಸುವುದಾದರೆ ಲಿಖಿತ ನೋಟಿಸು ಕೊಡಬೇಕು, ಪೋಷಕರು ಕೇಳಿದರೆ ಸಭೆ ನಡೆಸಬೇಕು, ಬೇರೆ ಪ್ರಯತ್ನಗಳು ಸೋತಿವೆಯೆಂದು ತೋರಿಸಬೇಕು. ಸ್ವಇಚ್ಛೆಯ ವರ್ಗಾವಣೆ ನಿಜಕ್ಕೂ ಸ್ವಇಚ್ಛೆಯದೇ ಆಗಿರಬೇಕೆಂದು 2013ರ ತಿದ್ದುಪಡಿ ಹೇಳುತ್ತದೆ.

ಇನ್ನೊಂದು ಕೊರತೆ ಪಾಠಕ್ರಮದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ನೇರವಾಗಿ ಸೇರಲು ಹದಿನೈದು ನಿಗದಿತ ಕೋರ್ಸುಗಳು ಬೇಕು. ಪ್ರಯೋಗಾಲಯವಿಲ್ಲದ, ಐದಾರು ಉಪಾಧ್ಯಾಯರ ಶಾಲೆಯಲ್ಲಿ ಅವೆಲ್ಲ ಸಿಗುವುದು ಕಷ್ಟ. ಇಲ್ಲಿಂದ ಹೊರಟವರಲ್ಲಿ ಓದು ಮುಂದುವರಿಸುವವರು ಹೆಚ್ಚಾಗಿ ಎಲ್ಲರಿಗೂ ಬಾಗಿಲು ತೆರೆದಿರುವ ಕಮ್ಯುನಿಟಿ ಕಾಲೇಜಿಗೆ ಹೋಗುತ್ತಾರೆ. ಬೇಗ ಬೇಗ ಕ್ರೆಡಿಟ್ ತುಂಬಿಸುವ ಆತುರದಲ್ಲಿ ಹಾಳೆ ತುಂಬಿಸುವುದೇ ಓದಾಗಿಬಿಡುವ ಅಪಾಯವೂ ಇದೆ. ಒಳ್ಳೆಯ ಶಾಲೆಯನ್ನು ಕೆಟ್ಟದರಿಂದ ಬೇರ್ಪಡಿಸಿ ನೋಡಬೇಕಾದದ್ದು ಇಲ್ಲಿಯೇ. ಹಾಗೆಂದು ಡಿಪ್ಲೊಮಾ ಬದಲು ಅದಕ್ಕೆ ಸಮಾನವೆನ್ನುವ ಜಿಇಡಿ ಎಂಬ ಪರೀಕ್ಷೆ ಕಟ್ಟಿಸಿದರೆ ಸಾಲದೇ ಎಂಬ ವಾದ ನಿಲ್ಲುವುದಿಲ್ಲ. 1942ರಲ್ಲಿ ಸೈನಿಕರಿಗಾಗಿ ಹುಟ್ಟಿದ ಆ ಪರೀಕ್ಷೆ ಪಾಸಾದವರ ಸಂಪಾದನೆ ಡಿಪ್ಲೊಮಾದವರ ಮಟ್ಟಕ್ಕೇರದೆ, ಶಾಲೆ ಬಿಟ್ಟವರ ಹತ್ತಿರವೇ ಉಳಿಯುತ್ತದೆಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸ್ಟೀಫನ್ ಕ್ಯಾಮರಾನ್ 1993ರಲ್ಲಿ ತೋರಿಸಿದರು.

ಭಾರತದಲ್ಲಿ ಇದರ ಸಮೀಪಕ್ಕೆ ಬರುವುದು 1989ರಲ್ಲಿ ಸ್ವಾಯತ್ತ ಸಂಸ್ಥೆಯಾದ ರಾಷ್ಟ್ರೀಯ ಮುಕ್ತ ಶಾಲೆ, ಈಗಿನ ಎನ್‌ಐಒಎಸ್. ಅಲ್ಲಿ ಪಾಸಾದ ವಿಷಯ ಪಾಸಾದಂತೆಯೇ ಉಳಿಯುತ್ತದೆ, ಐದು ವರ್ಷದೊಳಗೆ ಒಂಬತ್ತು ಬಾರಿ ಪರೀಕ್ಷೆಗೆ ಕೂರಬಹುದು. ಕರ್ನಾಟಕ 2023-24ರಲ್ಲಿ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆಯ ಕ್ರಮ ತಂದದ್ದೂ ಇದೇ ದಿಕ್ಕಿನ ಹೆಜ್ಜೆ. ಆದರೆ ಇವು ಪರೀಕ್ಷೆಯ ಅವಕಾಶ ಕೊಡುತ್ತವೆ. ದಿನವೂ ಹೋಗಿ ಕೂರಲು ಒಂದು ಶಾಲೆಯನ್ನು, ಬಾರದಿದ್ದರೆ ವಿಚಾರಿಸುವ ಒಬ್ಬ ಮೇಷ್ಟರನ್ನು ಕೊಡುವುದಿಲ್ಲ.

ಯಶಸ್ಸಿನ ಅಳತೆ

ಒಂಬತ್ತನೇ ತರಗತಿಗೆ ಒಟ್ಟಿಗೆ ಸೇರಿದವರಲ್ಲಿ ನಾಲ್ಕು ವರ್ಷದಲ್ಲಿ ಎಷ್ಟು ಮಂದಿ ಮುಗಿಸಿದರು ಎಂಬುದು ಅಮೆರಿಕದಲ್ಲಿ ಶಾಲೆಗಳನ್ನು ಅಳೆಯುವ ಮುಖ್ಯ ಮಾನದಂಡ. 2015ರ ಫೆಡರಲ್ ಕಾನೂನು ಶೇ. 67ಕ್ಕಿಂತ ಕೆಳಗಿನ ಶಾಲೆಗಳನ್ನು ಸುಧಾರಣೆ ಬೇಕಾದವುಗಳ ಪಟ್ಟಿಗೆ ಸೇರಿಸುತ್ತದೆ. ವಿದ್ಯಾರ್ಥಿ ಕೊನೆಗೆ ಯಾವ ಶಾಲೆಯಲ್ಲಿದ್ದನೋ ಆ ಶಾಲೆಯ ಲೆಕ್ಕಕ್ಕೆ ಅವನು ಸೇರುತ್ತಾನೆ. ಮೂರು ವರ್ಷ ದೊಡ್ಡ ಶಾಲೆಯಲ್ಲಿ ಹಿಂದೆ ಬಿದ್ದು, ಹನ್ನೆರಡನೇ ತರಗತಿಯಲ್ಲಿ ಇಲ್ಲಿಗೆ ಬಂದು, ಐದನೇ ವರ್ಷದಲ್ಲಿ ಡಿಪ್ಲೊಮಾ ಪಡೆದವಳು ನಾಲ್ಕು ವರ್ಷದ ಲೆಕ್ಕದಲ್ಲಿ ಸಣ್ಣ ಶಾಲೆಯ ಸೋಲಾಗಿ ದಾಖಲಾಗುತ್ತಾಳೆ; ಅವಳನ್ನು ಕಳಿಸಿದ ಶಾಲೆಯ ಶೇಕಡಾವಾರು ಏರಿರುತ್ತದೆ. ಇದನ್ನು ಸರಿಪಡಿಸಲು ಕ್ಯಾಲಿಫೋರ್ನಿಯಾ 2018ರಿಂದ, ಇಂಥ ಪರ್ಯಾಯ ಶಾಲೆಗಳಿಗೆ ಬೇರೆ ಅಳತೆ ತಂದಿತು. ಹನ್ನೆರಡನೇ ತರಗತಿಯಲ್ಲಿ ಇದ್ದವರಲ್ಲಿ ಆ ವರ್ಷ ಎಷ್ಟು ಮಂದಿ ಮುಗಿಸಿದರು ಎಂಬುದನ್ನಷ್ಟೇ ಅದು ನೋಡುತ್ತಿತ್ತು. ಫೆಡರಲ್ ಶಿಕ್ಷಣ ಇಲಾಖೆ ಈ ಪ್ರತ್ಯೇಕ ಅಳತೆಗೆ ಒಪ್ಪಿಗೆ ನೀಡಲಿಲ್ಲ. ಕಳಿಸಿದ ಶಾಲೆ ಮತ್ತು ಸೇರಿಸಿಕೊಂಡ ಶಾಲೆ ಎರಡೂ ಆ ಮಗುವಿಗೆ ಹೊಣೆಯಾಗುವ ಲೆಕ್ಕವೇ ನ್ಯಾಯವಾದದ್ದು.