ಮಳೆಗಾಲದ ಒಂಟಿ ಹಾದಿ

ಹೋದ ವರ್ಷ ಉತ್ತರೆಯ ಮಳೆ ಹಿಡಿದ ಒಂದು ಮುಂಜಾನೆ ನಾನು ಗದಗಿನಿಂದ ಮುಂಡರಗಿಯ ಕಡೆಗೆ ಬೈಸಿಕಲ್ಲಿನ ಮೇಲೆ ಒಬ್ಬನೇ ಹೊರಟೆನು. ಬಾಗಿಲಲ್ಲಿ ನಿಂತಿದ್ದ ನಮ್ಮ ತಾಯಿಯವರು "ಮಳಿಯಾಗ ಯಾರರ ಹಾದಿ ಹಿಡೀತಾರೇನಪಾ?" ಎಂದು ಕೇಳಿದರು. ವಯಸ್ಸಾದವರ ಅಂಜಿಕೆಯೆಂದು ನಕ್ಕು ಪೆಡಲು ತುಳಿದೆನು. ಆದರೆ ಆ ಪ್ರಶ್ನೆಯು ದಾರಿಯುದ್ದಕ್ಕೂ ನನ್ನ ಬೆನ್ನು ಬಿಡಲಿಲ್ಲ. ಮಳೆಯಲ್ಲಿ ಈ ಸೀಮೆಯವರು ನಿಜವಾಗಿ ಎಂದಾದರೂ ಹಾದಿ ಹಿಡಿದಿದ್ದರೇ? ಅದರಲ್ಲಿಯೂ ಒಬ್ಬೊಬ್ಬರಾಗಿ?

ಊರು ದಾಟಿದ ಮೇಲೆ ಬಲಗಡೆಗೆ ಕಪ್ಪತಗುಡ್ಡದ ಸಾಲು ಮೋಡದಲ್ಲಿ ಅರ್ಧ ಮುಳುಗಿತ್ತು. ಗುಡ್ಡದ ಅಂಚಿನಲ್ಲಿ ಕೆಂಪು ಮಸಾರಿ. ಅದರಿಂದಾಚೆಗೆ ಕಣ್ಣು ಹರಿಯುವವರೆಗೆ ಕರಿಯ ಎರೆ. ಈ ಎರೆಯ ಗುಣವನ್ನು ನಮ್ಮ ವಾಚಕರಿಗೆ ಹೊಸದಾಗಿ ವರ್ಣಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಅದು ಕೈ ಹಿಡಿಸುವಷ್ಟು ಬಿರಿಯುವದು. ಮಳೆ ಬಿದ್ದೊಡನೆ ನೀರು ಕುಡಿದು ಉಬ್ಬಿ, ಕಾಲಿಟ್ಟವನ ಕೆರವನ್ನು ಕಸಿದುಕೊಳ್ಳುವದು. ಹತ್ತಿ, ಜೋಳ, ಕಡಲೆಗಳನ್ನು ನಮಗೆ ಕೊಟ್ಟದ್ದು ಇದೇ ಮಣ್ಣು. ವರ್ಷದಲ್ಲಿ ಕೆಲವು ತಿಂಗಳು ಊರಿನಿಂದ ಊರಿಗೆ ಹಾದಿ ಕಟ್ಟಿದ್ದೂ ಇದೇ ಮಣ್ಣು.

ಡಂಬಳವನ್ನು ಮುಟ್ಟುವಷ್ಟರಲ್ಲಿ ಮಳೆ ಬಲವಾದ್ದರಿಂದ ದೊಡ್ಡಬಸಪ್ಪನ ಗುಡಿಯಲ್ಲಿ ಆಶ್ರಯ ಪಡೆದೆನು. ನಕ್ಷತ್ರದಂತೆ ಕೋನಕೋನವಾಗಿ ತಿರುಗುವ ಅದರ ಗೋಡೆಗಳಿಂದ ನೀರು ನೂರು ಕಡೆಗೆ ಇಳಿಯುತ್ತಿತ್ತು. ಈ ಡಂಬಳವೇ ಹಿಂದಿನ ಧರ್ಮವೊಳಲು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ, ಕ್ರಿ.ಶ. 1095ರ ಶಾಸನವೊಂದು ಇಲ್ಲಿಯ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ, ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿಯು ಕಟ್ಟಿಸಿದ ಆರ್ಯತಾರಾದೇವಿಯ ವಿಹಾರವನ್ನೂ ಹೆಸರಿಸುವದು. ಲೊಕ್ಕಿಗುಂಡಿಯೆಂದರೆ ನಮ್ಮ ಲಕ್ಕುಂಡಿ. ಬುದ್ಧನ ಧರ್ಮವು ಕನ್ನಡ ನಾಡಿನಲ್ಲಿ ಬಹುಮಟ್ಟಿಗೆ ಅಳಿದುಹೋಗಿದ್ದ ಆ ಕಾಲದಲ್ಲಿ ಅದಕ್ಕೆ ನೆಲೆ ಕೊಟ್ಟವರು ಹಾದಿಯನ್ನೇ ಬದುಕು ಮಾಡಿಕೊಂಡಿದ್ದ ವ್ಯಾಪಾರಿಗಳೆಂಬುದು ವಿಚಾರಾರ್ಹವಾಗಿದೆ.

ಆ ವಿಹಾರದ ದಿನಚರಿಯನ್ನು ಶಾಸನವು ಹೇಳುವದಿಲ್ಲ. ಆದರೆ ಭಿಕ್ಷು ಸಂಘಕ್ಕೆಲ್ಲ ಸಮಾನವಾದ ಒಂದು ನಿಯಮವಿತ್ತು: ಮಳೆಗಾಲದ ಮೂರು ತಿಂಗಳು ಎಲ್ಲಿಯೂ ಸಂಚರಿಸಕೂಡದು. ಮಳೆಯಲ್ಲಿ ತಿರುಗಾಡುವ ಭಿಕ್ಷುಗಳು ಹಸಿರು ಮೊಳಕೆಗಳನ್ನೂ ಸಣ್ಣ ಜೀವಗಳನ್ನೂ ತುಳಿಯುತ್ತಾರೆಂದು ಜನರು ದೂರಿದ್ದರಿಂದ ಬುದ್ಧನು ಈ ವರ್ಷಾವಾಸವನ್ನು ವಿಧಿಸಿದನೆಂದು ವಿನಯಪಿಟಕದಲ್ಲಿದೆ. ಜೈನ ಮುನಿಗಳ ಚಾತುರ್ಮಾಸ್ಯವೂ ಇಂಥದೇ. ದಯೆಯು ಕಾರಣವೆಂಬುದು ನಿಜ. ಆದರೂ ನೆಲವೇ ಒಪ್ಪದ ಕೆಲಸವನ್ನು ಶಾಸ್ತ್ರವು ನಿಷೇಧಿಸಿದಾಗ ಅದನ್ನು ಪಾಲಿಸುವದು ಸುಲಭವಾಗಿರಬೇಕೆಂದು ಆ ಕಂಬಕ್ಕೆ ಒರಗಿ ನಿಂತ ನನಗೆ ತೋರಿತು.

ಅರಸರೂ ಇದಕ್ಕೆ ಹೊರತಾಗಿರಲಿಲ್ಲ. ಮಳೆ ನಿಂತು ನೆಲ ಗಟ್ಟಿಯಾದ ಮೇಲೆ ವಿಜಯದಶಮಿಯ ದಿನ ಬನ್ನಿಯನ್ನು ಪೂಜಿಸಿ ಸೀಮೋಲ್ಲಂಘನ ಮಾಡಿದ ಬಳಿಕವೇ ದಂಡುಗಳು ಹೊರಡುತ್ತಿದ್ದವು. ಈ ಕಣ್ಣಿನಿಂದ ನೋಡಿದರೆ ಮುಂಡರಗಿ ಭೀಮರಾಯನ ಬಂಡಾಯದ ಕಾಲವು ಮನಸ್ಸನ್ನು ಕಲಕುವದು. ಶಸ್ತ್ರಗಳನ್ನು ಒಪ್ಪಿಸಬೇಕೆಂಬ ಆಜ್ಞೆಯಿಂದ ನಾಡು ಕುದಿಯುತ್ತಿರಲು, 1858ರ ಮೇ ತಿಂಗಳ ಕೊನೆಯ ವಾರದಲ್ಲಿ ಅವನು ಡಂಬಳದ ಖಜಾನೆಯನ್ನು ಹೊಡೆದು, ಆಗ ನಿಜಾಮನ ಸೀಮೆಯಲ್ಲಿದ್ದ ಕೊಪ್ಪಳದ ಕೋಟೆಯನ್ನು ಹಿಡಿದನು. ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬನ ಜನರು ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನನ್ನು ಕೊಂದರು. ಜೂನ್ 1ಕ್ಕೆ ಕೊಪ್ಪಳವು ಬಿದ್ದಿತು. ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಅಲ್ಲಿಯೇ ಮಡಿದರು. ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಭೀಮರಾಯನು ಮಡಿದಾಗ ಮೃಗಶಿರೆಯ ಮಳೆ ಇನ್ನೂ ಕೂಡಿರಲಿಲ್ಲ. ನೆಲ ಒಣಗಿತ್ತು, ಕುಂಪಣಿಯ ತೋಪಿನ ಗಾಡಿಗಳಿಗೆ ತಡೆಯಿರಲಿಲ್ಲ. ಕೋಟೆಯು ಇನ್ನೆರಡು ತಿಂಗಳು ನಿಂತಿದ್ದರೆ ಎರೆಯೇ ಭೀಮರಾಯನ ಪಕ್ಷದಲ್ಲಿ ಕಾದುತ್ತಿತ್ತೋ ಏನೋ! ಆದರೆ ನಮ್ಮ ಮುಂಗಾರನ್ನು ನಂಬಿ ಇತಿಹಾಸವನ್ನು ಬರೆಯುವದು ಅದನ್ನು ನಂಬಿ ಬಿತ್ತುವದಕ್ಕಿಂತ ಸುರಕ್ಷಿತವಲ್ಲ. ಆದ್ದರಿಂದ ಈ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಹಾಗಾದರೆ ಮಳೆಯಲ್ಲಿ ಒಬ್ಬನೇ ಹೋಗುತ್ತಿದ್ದವನು ಯಾರು? ಟಪಾಲಿನ ಓಟಗಾರನು. ಈಟಿಯ ತುದಿಗೆ ಗೆಜ್ಜೆ ಕಟ್ಟಿ, ಚೀಲ ಹೊತ್ತು ಓಡುತ್ತಿದ್ದ ಈ ಬಡ ನೌಕರನಿಗೆ ವರ್ಷಾವಾಸವೂ ಇರಲಿಲ್ಲ, ಸೀಮೋಲ್ಲಂಘನವೂ ಇರಲಿಲ್ಲ. ಅವನ ಹೆಸರಿನ ಶಾಸನವನ್ನು ಯಾರೂ ಕೆತ್ತಿಸಿಲ್ಲ.

ಗದಗಿಗೆ ಉಗಿಬಂಡಿ ಬಂದದ್ದು 1884ರಲ್ಲಿ. ಮರುವರ್ಷವೇ ಇಂಗ್ಲಂಡದ ಕೋವೆಂಟ್ರಿಯಲ್ಲಿ ಸ್ಟಾರ್ಲಿ ಎಂಬವನು ಎರಡೂ ಗಾಲಿಗಳು ಸರಿಸುಮಾರಾಗಿ ಸಮವಿದ್ದು, ಹಿಂದಿನ ಗಾಲಿಯನ್ನು ಸರಪಳಿಯು ತಿರುಗಿಸುವ ಬೈಸಿಕಲ್ಲನ್ನು ಹೊರತಂದನು. 1888ರಲ್ಲಿ ಡನ್ಲಪ್ಪನು ಗಾಳಿ ತುಂಬಿದ ರಬ್ಬರಿನ ಟಾಯರನ್ನು ಕೊಟ್ಟನು. ಮುಂಡರಗಿಗೆ ರೈಲಿನ ಹಳಿ ಬರಲಿಲ್ಲ, ಬೈಸಿಕಲ್ಲು ಬಂದಿತು. ಸಾಲೆಯ ಮಾಸ್ತರರು, ಅಂಚೆಯವರು, ಹಳ್ಳಿಯಿಂದ ಹಾಲು ತರುವವರು ಇದನ್ನು ಕೈಹಿಡಿದರು. ಎತ್ತಿನ ಮೇವಿನ ಚಿಂತೆಯಿಲ್ಲದೆ, ಜೊತೆಗಾರರಿಗಾಗಿ ಕಾಯದೆ, ತನ್ನ ಕಾಲಬಲದಿಂದಲೇ ದೂರದ ಊರನ್ನು ಮುಟ್ಟಿ ಸಂಜೆಗೆ ಮರಳುವ ಅಧಿಕಾರವು ಸಾಮಾನ್ಯನಿಗೆ ಇದರಿಂದ ಬಂದಿತು. ಆದರೆ ಅದು ಹಾದಿಯಿದ್ದಲ್ಲಿ ಮಾತ್ರ ನಡೆಯುವ ಅಧಿಕಾರವೆಂಬುದನ್ನು ನಾನು ಅದೇ ದಿನ ಕಲಿತೆನು.

ಡಾಂಬರಿನ ಮೇಲೆ ನನಗೆ ಕಷ್ಟವೇನೂ ಆಗಲಿಲ್ಲ. ನೆನೆದ ರಿಮ್ಮನ್ನು ಬ್ರೇಕು ಹಿಡಿಯಲೊಲ್ಲದು, ಲಾರಿಗಳು ಹಾಯ್ದಾಗ ಕೆಸರುನೀರಿನ ಸ್ನಾನವಾಗುವದು, ಗುಡ್ಡದ ಕಡೆಯ ಗಾಳಿ ಮಗ್ಗುಲಿಗೆ ತಳ್ಳುವದು, ಇಷ್ಟೇ. ಮುಂಡರಗಿ ಇನ್ನು ಸ್ವಲ್ಪ ದೂರವಿರಲು, ಬಂಧುಗಳೊಬ್ಬರ ಹೊಲದ ಮನೆಯನ್ನು ಬೇಗ ಸೇರಬೇಕೆಂಬ ಆತುರದಿಂದ ಬಂಡಿಯ ಜಾಡಿನಲ್ಲಿ ಇಳಿದೆನು. ನಲವತ್ತು ಮಾರು ಸಾಗಲಿಲ್ಲ; ಗಾಲಿಗೂ ಮಡಗಾರ್ಡಿಗೂ ನಡುವೆ ಎರೆ ಮೆತ್ತಿಕೊಂಡು ಗಾಲಿ ನಿಂತೇಬಿಟ್ಟಿತು. ತಳ್ಳಿದರೆ ಹೊರಳಲಿಲ್ಲ, ಎಳೆದರೆ ಕೆಸರನ್ನು ಉತ್ತಿತು. ಕೊನೆಗೆ ಹೆಗಲಿಗೇರಿಸಿದೆನು. ಮಣ್ಣು ಮೆತ್ತಿದ ಬೈಸಿಕಲ್ಲಿನ ಭಾರವನ್ನು ಹೊತ್ತವರೇ ಬಲ್ಲರು.

ಜಾಲಿಯ ಗಿಡದ ಕೆಳಗೆ ಗೋಣಿಚೀಲದ ಕೊಪ್ಪೆ ಹೊದ್ದು ಕುಳಿತಿದ್ದ ಹಿರಿಯ ರೈತರೊಬ್ಬರು ನನ್ನನ್ನು ಬಹಳ ಹೊತ್ತು ನೋಡಿ, "ಏನ್ರೀ ಸಾಹೇಬ್ರ, ಹತ್ತಿ ಹೋಗೂದು ಬಿಟ್ಟು ಹೊತ್ಕೊಂಡು ಹೊಂಟೀರಲ್ಲ?" ಎಂದರು. ಬಳಿಕ ಎದ್ದು ಬಂದು, ಒಂದು ಕಟ್ಟಿಗೆಯ ತುಂಡಿನಿಂದ ಗಾಲಿಯ ಕೆಸರನ್ನು ಕೆರೆಯುತ್ತ, "ಈ ಹೊಲದಾಗ ಇನ್ನ ನಾಕು ದಿನ ನಮ್ಮ ಎತ್ತೂ ಇಳಿಯಂಗಿಲ್ರೀ" ಎಂದು ಹೇಳಿ, ಹಿಂದಿನ ಗಾಲಿಗೆ ತಾವೂ ಕೈ ಕೊಟ್ಟರು.